ಎರಡು ಎಂಜಿನ್, ಒಂದು ಸಂತೆ

"ಇದರಾಗ ಒಂದು ಫೋಲ್ಡರ್ ಇತ್ತಲ್ರಿ... ಏನಾತದು?"

ಒಂಬತ್ತನೇ ನಂಬರಿನ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ತಿರುಗಿ ನೋಡಿದ. ಬೆನ್ನ ಹಿಂದೆ ನಿಂತಿದ್ದ ಹುಡುಗಿ ಪರದೆಯನ್ನೇ ದಿಟ್ಟಿಸುತ್ತಿದ್ದಳು. ಅವಳ ಮುಖ ನೋಡಿದರೆ ಈಗ ಅಳುತ್ತಾಳೋ, ಹೊಡೆಯುತ್ತಾಳೋ ಹೇಳುವಂತಿರಲಿಲ್ಲ.

"ಯಾವ ಫೋಲ್ಡರ್ ರೀ?"

"ಸಂತಿ ಅಂತ ಹೆಸರಿಟ್ಟಿದ್ದೆ."

ಅರ್ಧ ಗಂಟೆ ಮೊದಲು ಆ ಫೋಲ್ಡರ್ ಅಲ್ಲೇ ಇತ್ತು. ಡಿಸ್ಕಿನಲ್ಲಿ ಜಾಗ ಸಾಲದಾಗಿತ್ತು. ಜೂನಿಯರ್ ಹುಡುಗರ ಕಸವಿರಬೇಕು ಎಂದುಕೊಂಡು ಅವನೇ ಅದನ್ನು ಅಳಿಸಿದ್ದ. ಅದೂ ಶಿಫ್ಟ್ ಗುಂಡಿ ಒತ್ತಿ, ಮತ್ತೆ ಹುಡುಕಿದರೂ ಸಿಗದ ಹಾಗೆ.

"ನಾನ ತೆಗದೇನ್ರಿ," ಎಂದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾಕ ತಿಂಗಳ ಕೆಲಸ ಅದು," ಎಂದಳು ಅವಳು. ಕೂಗಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಮೆಲ್ಲಗೆ ಹೇಳಿ, ಬ್ಯಾಗು ಹೆಗಲಿಗೇರಿಸಿಕೊಂಡು, ಹೊರಟೇ ಹೋದಳು.

ಎರಡು ಸಾವಿರದ ಎಂಟರ ಆಗಸ್ಟ್ ತಿಂಗಳಲ್ಲಿ, ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ, ಸಂಘಮಿತ್ರಾ ಮತ್ತು ಶ್ರೇಯಸ ಮೊದಲ ಸಲ ಮಾತಾಡಿದ್ದು ಹೀಗೆ. ಇಬ್ಬರದೂ ಕೊನೆಯ ವರ್ಷ. ಮೂರು ವರ್ಷ ಒಂದೇ ಕ್ಲಾಸಿನಲ್ಲಿ ಕೂತಿದ್ದರೂ ಒಬ್ಬರ ದನಿ ಒಬ್ಬರಿಗೆ ಗೊತ್ತಿರಲಿಲ್ಲ.

ಅವನು ಮೂಡಲಗಿಯ ಬೆಲ್ಲದ ವ್ಯಾಪಾರಿ ಶ್ರೀಪಾಲರ ಮಗ, ಜೈನರ ಹುಡುಗ. ಅವಳು ಹುಕ್ಕೇರಿ ಹತ್ತಿರದ ಹಳ್ಳಿಯ ಕನ್ನಡ ಸಾಲೆಯ ಮಾಸ್ತರ ಭೀಮರಾಯರ ಮಗಳು. ಅಜ್ಜನ ಕಾಲಕ್ಕೆ ಬೌದ್ಧರಾದ ಮನೆತನ ಅದು. ಅದಕ್ಕೂ ಮೊದಲು ಊರ ಹೊರಗಿನ ಕೇರಿಯಲ್ಲಿ ಬಾಳಿ, ಚಹಾದಂಗಡಿಯಲ್ಲಿ ತಮಗೆಂದೇ ಬೇರೆ ಇಟ್ಟ ಕಪ್ಪಿನಲ್ಲಿ ಕುಡಿದವರು.

ನಮ್ಮ ಸಂಘಮಿತ್ರಾ ದೇವತೆಯೇನೂ ಅಲ್ಲ. ಅಳಿಸಿಹೋದ ಕೆಲಸದ ಇನ್ನೊಂದು ಪ್ರತಿ ಅವಳ ಪೆನ್ ಡ್ರೈವಿನಲ್ಲಿ ಭದ್ರವಾಗಿತ್ತು! ಸಂಜೆ ಬಸ್ಸಿನಲ್ಲಿ ಕೂತಾಗ ಅದು ನೆನಪಾಗಿ ಜೀವ ಬಂದಂತಾಗಿತ್ತು. ಆದರೆ ಅವನಿಗೆ ಹೇಳಲಿಲ್ಲ. ನಾಲ್ಕು ದಿನ ಅವನು ಸಪ್ಪೆ ಮೋರೆ ಹೊತ್ತು ಅವಳ ಹಿಂದೆಯೇ ತಿರುಗಿದ. ಅಳಿಸಿದ್ದನ್ನು ತೆಗೆಯುವ ಸಾಫ್ಟ್‌ವೇರ್ ಹುಡುಕಿ ತಂದ, ಸೋತ, ತಾನೇ ಕೂತು ಬರೆದುಕೊಡುತ್ತೇನೆ ಎಂದ. ಐದನೇ ದಿನ ಅವಳಿಗೇ ಪಾಪ ಎನಿಸಿ ಪೆನ್ ಡ್ರೈವ್ ತೋರಿಸಿದಳು.

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಅವನು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟ. "ಅಯ್ಯಪ್ಪಾ, ಬದುಕಿದೆ," ಎಂದ. ಆಮೇಲೆ ನಕ್ಕ. ಆ ನಗು ನೋಡಬಾರದಿತ್ತು ಎಂದು ಸಂಘಮಿತ್ರಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ನೋಡಿಬಿಟ್ಟಿದ್ದಳು.

ಪ್ರಾಜೆಕ್ಟಿನ ಮೇಲ್ವಿಚಾರಣೆ ಕೇದಾರಿ ಸರ್ ಅವರದು. ಇಡೀ ಕ್ಲಾಸಿನಲ್ಲಿ ಕಂಪ್ಯೂಟರ್ ಆಟ ಮಾಡುತ್ತೇವೆ ಎಂದು ಬರೆದುಕೊಟ್ಟವರು ಇವರಿಬ್ಬರೇ. ಸರ್ ಎರಡೂ ಚೀಟಿಗಳನ್ನು ಒಂದೇ ಪಿನ್ನಿಗೆ ಚುಚ್ಚಿ, ಕೂಡಿ ಮಾಡಿರಿ ಎಂದುಬಿಟ್ಟರು. ಒಂದೇ ಷರತ್ತು. ಗಣೇಶನ ರಜೆ ಮುಗಿದ ಮೇಲೆ ಬರುವ ಎರಡನೇ ಬುಧವಾರದೊಳಗೆ ಯಾವ ಎಂಜಿನ್ ಎಂದು ಆರಿಸಿ, ಫಾರ್ಮ್ ತುಂಬಿ, ಇಬ್ಬರೂ ಸಹಿ ಹಾಕಿ ಕೊಡಬೇಕು. ಕೊಟ್ಟ ಮೇಲೆ ಬದಲಾಯಿಸುವಂತಿಲ್ಲ.

ಎಂಜಿನ್ ಎಂದರೆ ಏನೋ ದೊಡ್ಡದೆಂದು ಗಾಬರಿಯಾಗಬೇಡಿ. ಆಟ ಕಟ್ಟುವವರು ಎಲ್ಲವನ್ನೂ ಬುನಾದಿಯಿಂದ ಕಟ್ಟುವುದಿಲ್ಲ. ಚಿತ್ರವನ್ನು ಪರದೆಗೆ ತರುವುದು, ಮೌಸ್ ಒತ್ತಿದ್ದನ್ನು ತಿಳಿಯುವುದು, ಸದ್ದು ಹೊರಡಿಸುವುದು... ಇಂಥ ಕೆಲಸಗಳನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಮಾಡಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿರುತ್ತಾರೆ. ಪುಕ್ಕಟೆ ಇದ್ದದ್ದೇ ತೊಂದರೆ ಆಯಿತು. ದುಡ್ಡು ಕೊಡುವುದಿದ್ದರೆ ಯಾವುದಾದರೂ ಒಂದನ್ನು ಕೊಂಡು ಸುಮ್ಮನಿರುತ್ತಿದ್ದರು. ಪುಕ್ಕಟೆ ಸಿಗುವಂಥವು ಹತ್ತಾರು. ಆರಿಸುವುದರಲ್ಲೇ ಜಗಳ.

ಅಲೆಗ್ರೋ ನೋಡಿದರು. ಗೇಮ್ ಮೇಕರ್ ನೋಡಿದರು. ಬ್ಲೆಂಡರಿನ ಒಳಗಿನ ಎಂಜಿನ್ನನ್ನೂ ನೋಡಿದರು. ಒಂದರಲ್ಲಿ ಬರೆಯುವುದು ವಿಪರೀತ, ಇನ್ನೊಂದರ ಪುಕ್ಕಟೆ ಪ್ರತಿಯಲ್ಲಿ ಬೇಕಾದದ್ದೇ ಇಲ್ಲ, ಮತ್ತೊಂದು ತಲೆಗೆ ಹತ್ತುವಷ್ಟರಲ್ಲಿ ವರ್ಷವೇ ಮುಗಿದೀತು. ಕೊನೆಗೆ ಕಣದಲ್ಲಿ ಉಳಿದದ್ದು ಎರಡು. ಅವನ ಓಗರ್, ಅವಳ ಪೈಗೇಮ್.

ಓಗರ್ ಮೇಲೆ ಶ್ರೇಯಸನಿಗೆ ಪ್ರಾಣ. ಗೋಕಾಕದ ಬಸ್ ಸ್ಟ್ಯಾಂಡ್ ಬಾಜೂ ಇದ್ದ ಸೈಬರಿನಲ್ಲಿ ಎರಡು ಭಾನುವಾರ ಕೂತು ಇಳಿಸಿಕೊಂಡಿದ್ದ. ಅದರಲ್ಲಿ ಅವನು ಕಟ್ಟಿದ ಸಂತೆಯೊಳಗೆ ನಡೆದಾಡಬಹುದಿತ್ತು. ಗಾಡಿಗಳ ನೆರಳು ನೆಲಕ್ಕೆ ಬೀಳುತ್ತಿತ್ತು, ತಿರುಗಿದರೆ ಅಂಗಡಿಯ ಇನ್ನೊಂದು ಮಗ್ಗಲು ಕಾಣುತ್ತಿತ್ತು. ಮೊದಲ ಸಲ ನೋಡಿದಾಗ ಸಂಘಮಿತ್ರಾ ಸುಮ್ಮನೆ ಬಾಯಿ ತೆರೆದು ನಿಂತಿದ್ದಳು. ಅವಳ ಪೈಗೇಮಿನ ಸಂತೆಯಲ್ಲಿ ಎಲ್ಲವೂ ಚಪ್ಪಟೆ. ಮೇಲೆ ಒಂದು ಶಬ್ದ ಬರುತ್ತದೆ, ಮಗು ಅದನ್ನು ಓದಿ ಆ ಹಣ್ಣನ್ನು ಬುಟ್ಟಿಗೆ ಹಾಕುತ್ತದೆ. ಅಷ್ಟೇ ಆಟ.

ಅದರಲ್ಲಿ ಒಂದು ಕುಂದಿತ್ತು. ಕನ್ನಡದ ಒತ್ತಕ್ಷರ ಬಂದರೆ ಪೈಗೇಮ್ ಮುಗ್ಗರಿಸುತ್ತಿತ್ತು. ಕಲ್ಲಂಗಡಿ ಎಂದು ಬರೆಸಿದರೆ ಒತ್ತು ಕೆಳಗೆ ಕೂಡದೆ ಪಕ್ಕಕ್ಕೆ ಜಾರಿ ಬೀಳುತ್ತಿತ್ತು. ಓದು ಕಲಿಸುವ ಆಟದಲ್ಲಿ ಅಕ್ಷರವೇ ಮುರಿದರೆ ಹೇಗೆ ಎಂದು ಶ್ರೇಯಸ ಕೇಳಿದ. ಅವಳು ತಿರುಗಿ ಒಂದು ಪ್ರಶ್ನೆ ಹಾಕಿದಳು.

"ಎಷ್ಟು ಚಂದ ಐತಿ ಅಂತ ಆಮ್ಯಾಲ ನೋಡೋಣು. ಎಲ್ಲಿ ಓಡಬೇಕು ಅನ್ನೋದನ್ನ ಮೊದಲ ಕೇಳ್ರಿ."

ಎಲ್ಲಿ ಓಡಬೇಕು ಎಂದರೆ, ಅವಳ ಅಪ್ಪನ ಸಾಲೆಯಲ್ಲಿ. ಬೆಳಗಾವಿಯ ಯಾವುದೋ ಆಫೀಸಿನವರು ಹೊಸ ಕಂಪ್ಯೂಟರ್ ತಂದಾಗ ಹಳೆಯ ನಾಲ್ಕನ್ನು ಭೀಮರಾಯರು ಕೇಳಿ, ಬೇಡಿ, ಟೆಂಪೋದಲ್ಲಿ ಹೇರಿಸಿಕೊಂಡು ಬಂದಿದ್ದರು. ಸಾಲೆಯಲ್ಲಿ ಅವನ್ನು ನಡೆಸುವವರು ಯಾರೂ ಇರಲಿಲ್ಲ. ಒಂದು ವರ್ಷದಿಂದ ಹಾಸಿಗೆ ಚಾದರ ಹೊದ್ದುಕೊಂಡು ಕೂತಿದ್ದವು. ಊರವರು ಮಾಸ್ತರರನ್ನು ಕಂಡಾಗೆಲ್ಲ ಟಿವಿ ಯಾವಾಗ ಹಚ್ಚುತ್ತೀರಿ ಎಂದು ಕೇಳಿ ನಗುತ್ತಿದ್ದರು. ಅಪ್ಪ ಜೊತೆಗೆ ನಕ್ಕು ಮನೆಗೆ ಬಂದು ಸುಮ್ಮನೆ ಕೂಡುತ್ತಿದ್ದುದನ್ನು ಸಂಘಮಿತ್ರಾ ನೋಡಿದ್ದಳು. ಆ ನಾಲ್ಕು ಕಂಪ್ಯೂಟರಿನಲ್ಲಿ ಮಕ್ಕಳು ಆಡಬೇಕು. ಅವಳ ಪ್ರಾಜೆಕ್ಟ್ ಎಂದರೆ ಅದೇ.

ಜಗಳ ಮುಗಿಯದಿದ್ದರೂ ಕೆಲಸ ನಿಲ್ಲಲಿಲ್ಲ. ಎಂಜಿನ್ ಯಾವುದೇ ಆಗಲಿ, ಹಣ್ಣು ತರಕಾರಿಯ ಚಿತ್ರಗಳಂತೂ ಬೇಕು. ಇಬ್ಬರಿಗೂ ಚಿತ್ರ ಬರೆಯಲು ಬಾರದು. ಶ್ರೇಯಸನಿಗೆ ಗೋಕಾಕದ ಕಟ್ಟಿಗೆಯ ಗೊಂಬೆಗಳು ನೆನಪಾದವು. ಅಲ್ಲಿನ ಕುಶಲಕರ್ಮಿಗಳು ಮಾಡುವ ಮಾವು, ಬಾಳೆ, ಬದನೆಗಳನ್ನು ನಿಜವೆಂದು ನಂಬಿ ಕಚ್ಚಿದವರಿದ್ದಾರೆ. ಒಂದು ಶನಿವಾರ ಇಬ್ಬರೂ ಕ್ಯಾಮೆರಾ ಹಿಡಿದು ಗೋಕಾಕಕ್ಕೆ ಹೋದರು. ಗೊಂಬೆ ಮಾಡುವ ಉದ್ದವ್ವ ಎಂಬ ಹೆಂಗಸು ತನ್ನ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ ಒಂದೊಂದೇ ಹಣ್ಣು ಇಟ್ಟುಕೊಟ್ಟಳು. ಅವನು ಫೋಟೋ ತೆಗೆದ, ಇವಳು ನೆರಳು ಬೀಳದಂತೆ ದುಪಟ್ಟಾ ಅಡ್ಡ ಹಿಡಿದಳು.

ಮದುವೆ ಯಾವಾಗ ಆಯಿತು ಎಂದು ಉದ್ದವ್ವ ಕೇಳಿದಳು. ಇಬ್ಬರೂ ಒಟ್ಟಿಗೇ ಇಲ್ಲ ಎಂದರು, ಮತ್ತು ಒಟ್ಟಿಗೇ ಕೆಂಪಾದರು.

ಮರಳಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಪೇಪರಿನಲ್ಲಿ ಮಿರ್ಚಿ ಭಜಿ ತಿಂದರು. ಹೊತ್ತು ಮುಳುಗಿ ದೀಪ ಹತ್ತಿದ್ದವು. ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ ಅಲ್ಲವೇ ಎಂದು ಅವಳು ಕಾಡಿಸಿದಳು. ಅದೆಲ್ಲ ಮನೆಯಲ್ಲಿ ಅಜ್ಜಿಯ ಮುಂದೆ ಮಾತ್ರ ಎಂದು ಅವನು ನಕ್ಕು ಕೊನೆಯ ಭಜಿಯನ್ನು ಅವಳ ಕಡೆ ಸರಿಸಿದ. ಮನೆಗೆ ಬಂದರೂ ಆ ನಗು ಅವಳ ಜೊತೆಗೇ ಬಂದಿತ್ತು. 'ಇದೇನ ಹಚ್ಚಕೊಂಡಿ ಸಂಘಮಿತ್ರಾ...' ಎಂದು ತನ್ನನ್ನೇ ಬೈದುಕೊಂಡಳು. ಬೈಗುಳದಲ್ಲಿ ಸಿಟ್ಟೇ ಇರಲಿಲ್ಲ.

ಗಣೇಶ ಚೌತಿ ಕಳೆದು ಎರಡು ದಿನಕ್ಕೆ ಇಬ್ಬರೂ ಎರಡು ಸಿಡಿ ಹಿಡಿದು ಅವಳ ಊರಿಗೆ ಬಂದರು. ಒಂದರಲ್ಲಿ ಓಗರಿನ ಸಂತೆ, ಇನ್ನೊಂದರಲ್ಲಿ ಪೈಗೇಮಿನದು. ಯಾವುದು ಓಡುತ್ತದೋ ಅದೇ ಗೆದ್ದಂತೆ ಎಂದು ಮಾತಾಗಿತ್ತು.

ಭೀಮರಾಯರು ಮದುವೆಮನೆಯ ಹಿರಿಯರ ಹಾಗೆ ಗರಿಗರಿ ಅಂಗಿ ತೊಟ್ಟು ಕಾಯುತ್ತಿದ್ದರು. ಚಾದರ ತೆಗೆದರು. ಶ್ರೇಯಸ ತನ್ನ ಸಿಡಿ ಹಾಕಿದ. ಪರದೆ ಕಪ್ಪಾಯಿತು. ಒಂದು ಸಾಲು ಇಂಗ್ಲಿಷ್ ಬಂತು, ಹೋಯಿತು. ಮತ್ತೆ ಹಾಕಿದ, ಮತ್ತೆ ಕಪ್ಪು. ಆ ಹಳೆಯ ಪೆಟ್ಟಿಗೆಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಅಷ್ಟು ಚಂದದ ಸಂತೆಯನ್ನು ಹೊರುವ ಶಕ್ತಿ ಅವುಗಳಿಗೆ ಎಲ್ಲಿಂದ ಬರಬೇಕು? ಆಮೇಲೆ ಸಂಘಮಿತ್ರಾ ತನ್ನದನ್ನು ಹಾಕಿದಳು. ನಿಧಾನವಾಗಿ, ಏದುಸಿರು ಬಿಡುತ್ತ, ಉದ್ದವ್ವನ ಮಾವಿನಹಣ್ಣು ತೆರೆಯ ಮೇಲೆ ಬಂತು. ಭೀಮರಾಯರು ಮೌಸ್ ಹಿಡಿದು ಅದನ್ನು ಬುಟ್ಟಿಗೆ ಹಾಕಿ ಮಗಳತ್ತ ನೋಡಿದರು. ಆ ನೋಟಕ್ಕಾಗಿ ಅವಳು ಇನ್ನೂ ನಾಲ್ಕು ತಿಂಗಳು ದುಡಿಯಬಲ್ಲವಳಾಗಿದ್ದಳು.

ಶ್ರೇಯಸನ ಮುಖ ಬಾಡಿತ್ತು. ಸೋತದ್ದಕ್ಕೆ ಬೇಸರವಾಗಿರಬೇಕು, ಮನೆಗೆ ಕರೆದು ನಾಲ್ಕು ತುತ್ತು ಹಾಕಿದರೆ ಸರಿಹೋಗುತ್ತದೆ ಎಂದು ಅವಳು ಅಂದುಕೊಂಡಳು.

ಮನೆಯಲ್ಲಿ ಅವಳ ಅವ್ವ ಸೀತವ್ವ ಬೆಳಗಿನಿಂದ ಅಡಿಗೆ ಮಾಡಿದ್ದಳು. ಮೊದಲು ಚರಿಗೆಯಲ್ಲಿ ನೀರು ತಂದಳು.

"ಬ್ಯಾಡ್ರಿ ಅವ್ವಾರ," ಎಂದ ಶ್ರೇಯಸ.

ಬಿಸಿಲಲ್ಲಿ ಬಂದಿದ್ದೀರಿ, ಒಂದು ಗುಟುಕಾದರೂ ಕುಡಿಯಿರಿ ಎಂದಳು. ಅವನು ತಲೆ ಆಡಿಸಿದ. ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಬಂತು. ಹಸಿವಿಲ್ಲ ಎಂದ. ಚಹಾ ಎಂದರೆ ಅದೂ ಬೇಡ ಎಂದ. ಕೂತಲ್ಲೇ ಮುದುಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಆಗಿನ್ನೂ ನಾಲ್ಕು ಗಂಟೆ. ಹೊರಗೆ ರಣರಣ ಬಿಸಿಲಿತ್ತು.

ಅವನು ಹೋದ ಮೇಲೆ ಸೀತವ್ವ ಯಾರೂ ಮುಟ್ಟದ ಆ ತಾಟನ್ನು ಒಯ್ದು ಬಚ್ಚಲಲ್ಲಿ ತಿಕ್ಕಿ ತಿಕ್ಕಿ ತೊಳೆದಳು.

"ಹೊರಗ ನಮ್ಮ ಕೂಡ ಉಣ್ಣೋರು ಭಾಳ ಮಂದಿ ಅದಾರ ಮಗಳ," ಎಂದರು ಭೀಮರಾಯರು. "ಹೊಸ್ತಿಲಾ ದಾಟಿ ಒಳಗ ಬಂದಾಗ ಮನಶಾ ಗೊತ್ತಾಗತಾನ."

ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ರೂಢಿಯಾದ ಏನೋ ಒಂದು ಇತ್ತು. ಅದೇ ಸಂಘಮಿತ್ರಾಳಿಗೆ ಚುಚ್ಚಿತು. 'ಬಸ್ ಸ್ಟ್ಯಾಂಡಿನ್ಯಾಗ ಒಂದ ಪೇಪರಿನ್ಯಾಗ ತಿಂದಾಂವ... ನಮ್ಮವ್ವನ ಕೈಯಾಗಿನ ನೀರು ಬ್ಯಾಡಾತು.'

ಅವಳು ಬಚ್ಚಲಿಗೆ ಹೋಗಿ ನೀರು ಹಚ್ಚಿ ಮುಖ ತೊಳೆದಳು. ಎಷ್ಟು ತೊಳೆದರೂ ಕಣ್ಣು ಮತ್ತೆ ಮತ್ತೆ ತುಂಬುತ್ತಿದ್ದವು.

ಮರುದಿನವೇ ಕೇದಾರಿ ಸರ್ ಬಳಿ ಹೋಗಿ ಬೇರೆ ಬೇರೆ ಪ್ರಾಜೆಕ್ಟ್ ಮಾಡುತ್ತೇವೆ ಎಂದು ಹೇಳಿದಳು. ಕಾರಣ ಕೇಳಿದರೆ ಎಂಜಿನ್ ಹೊಂದಲಿಲ್ಲ ಎಂದಳು. ಸರ್ ಕನ್ನಡಕದ ಮೇಲಿಂದ ನೋಡಿ, ಹಾಗಾದರೆ ಬುಧವಾರ ಎರಡು ಫಾರ್ಮ್ ತನ್ನಿರಿ ಎಂದರು.

ಶ್ರೇಯಸ ಲ್ಯಾಬಿನ ಬಾಗಿಲಲ್ಲಿ ಅವಳನ್ನು ತಡೆದ. ಏನು ತಪ್ಪಾಯಿತು ಎಂದು ಕೇಳಿದ.

"ನಿಮ್ಮದು ನಿಮಗ, ನಮ್ಮದು ನಮಗ," ಎಂದಳು. "ಹಂಗ ಇದ್ರ ಛಲೋ."

ಅವನು ತನ್ನ ಎಂಜಿನ್ ಸೋತದ್ದಕ್ಕೆ ಈ ಮಾತು ಎಂದುಕೊಂಡ. ಅವಳು ಇಷ್ಟೂ ತಿಳಿಯದವನ ಹಾಗೆ ನಿಂತಿದ್ದಾನಲ್ಲ ಎಂದುಕೊಂಡಳು. ಇಬ್ಬರ ನಡುವೆ ಆ ದಿನದ ಚರಿಗೆಯಿತ್ತು. ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ. ಅವನಿಗೆ ಅದೊಂದೇ ಕಾಣುತ್ತಿರಲಿಲ್ಲ.

ಮುಂದಿನ ದಿನಗಳು ಹೇಗೆ ಹೋದವೋ ಸಂಘಮಿತ್ರಾಳಿಗೇ ತಿಳಿಯದು. ದ್ವೇಷಿಸಬೇಕು ಎಂದು ದಿನವೂ ನಿಶ್ಚಯಿಸುತ್ತಿದ್ದಳು. ಸಂಜೆಯಾಗುವಷ್ಟರಲ್ಲಿ ಅವನು ಇವತ್ತೇಕೆ ಇಷ್ಟು ಸೊರಗಿದ್ದಾನೆ, ತುಟಿಯೇಕೆ ಒಡೆದಿದೆ ಎಂದು ನೋಡುತ್ತಿದ್ದಳು. ನೋಡಿದ್ದಕ್ಕೆ ಮತ್ತೆ ತನ್ನ ಮೇಲೇ ಸಿಟ್ಟು. ಒತ್ತಕ್ಷರಗಳೂ ಕೈಗೆ ಹತ್ತಲಿಲ್ಲ. ಅವಳು ಏನು ಮಾಡಿದರೂ ಕಲ್ಲಂಗಡಿ ಮುರಿದೇ ಬೀಳುತ್ತಿತ್ತು.

ಫಾರ್ಮ್ ಕೊಡುವುದಕ್ಕೆ ಒಂದೇ ದಿನ ಉಳಿದಿತ್ತು. ಮಂಗಳವಾರ ಅವಳು ಕಾಲೇಜಿಗೆ ಹೋಗಲಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಅಂಗಳದಲ್ಲಿ ಯಾರೋ ನಿಂತಂತಾಯಿತು. ನೋಡಿದರೆ ಶ್ರೇಯಸ. ಬಿಳಿ ಅಂಗಿ, ಕೈಯಲ್ಲಿ ಒಂದು ಸಿಡಿ. ಸಾಲೆಯ ಬಿಡುವಿಗೆ ಮನೆಗೆ ಬಂದು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಭೀಮರಾಯರ ಮುಂದೆ ಬಂದು ಎರಡೂ ಕೈ ಜೋಡಿಸಿದ.

"ಉತ್ತಮ ಕ್ಷಮಾ ರೀ ಸರ್. ಗೊತ್ತಿದ್ದೋ, ಗೊತ್ತಿಲ್ದನೋ ನನ್ನ ಕಡಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ಜೈನರಲ್ಲಿ ಹಾಗೊಂದು ಪದ್ಧತಿಯಿದೆ. ಭಾದ್ರಪದದ ಹತ್ತು ದಿನಗಳ ದಶಲಕ್ಷಣ ಪರ್ವ ಮುಗಿದ ಮೇಲೆ ಒಂದು ದಿನ ಬಂಧುಗಳು, ನೆರೆಯವರು, ಪರಿಚಯದವರು ಎಲ್ಲರ ಮುಂದೆಯೂ ಕೈಮುಗಿದು ಕ್ಷಮೆ ಕೇಳುತ್ತಾರೆ. ಭೀಮರಾಯರಿಗೆ ಅದು ಕೇಳಿ ಗೊತ್ತಿತ್ತು. ತಮ್ಮ ಅಂಗಳಕ್ಕೆ ಬಂದು ಯಾರೂ ಹಾಗೆ ಕೇಳಿದ್ದಿಲ್ಲ. ಅವರು ಏನೂ ತೋಚದೆ ಎದ್ದು ನಿಂತರು.

ಸಂಘಮಿತ್ರಾ ಹೊಸ್ತಿಲಿಗೆ ಬಂದಳು.

"ಯಾವ ತಪ್ಪಿಗೆ ಕೇಳಾಕತ್ತೀರಿ?"

ಅವನು ತಡವರಿಸಿದ. ಇದು ಎಲ್ಲರಿಗೂ ಕೇಳುವುದು, ಬೆಳಿಗ್ಗೆಯಿಂದ ಮೂಡಲಗಿಯಲ್ಲಿ ಕೇಳಿಕೊಂಡೇ ಬಂದೆ ಎಂದ.

"ಎಲ್ಲಾರಿಗೂ ಕೇಳೋ ಕ್ಷಮಾ ನಮಗ ಬ್ಯಾಡ್ರಿ." ಅವಳು ಹೊಸ್ತಿಲಲ್ಲೇ ಅಡ್ಡ ನಿಂತಳು. "ಅವತ್ತ ನಮ್ಮವ್ವ ನೀರು ಕೊಟ್ಟಳು. ನೀವು ಕೈ ಹಚ್ಚಲಿಲ್ಲ. ಯಾಕಂತ ಹೇಳ್ರಿ. ಆಮ್ಯಾಲ ಕ್ಷಮಾದ ಮಾತು."

ಶ್ರೇಯಸ ಅವಳನ್ನು ನೋಡಿದ. ಭೀಮರಾಯರನ್ನು ನೋಡಿದ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಸೀತವ್ವನನ್ನು ನೋಡಿದ. ಸಂಘಮಿತ್ರಾ ಕೇಳಿದ್ದು ಏನು ಎಂದು ಅವನಿಗೆ ಒಂದೊಂದಾಗಿ ಅರ್ಥವಾಗುತ್ತ ಹೋದದ್ದು ಮುಖದಲ್ಲೇ ಕಂಡಿತು. ಕೈಯಲ್ಲಿದ್ದ ಸಿಡಿಯನ್ನು ಕಟ್ಟೆಯ ಮೇಲೆ ಇಟ್ಟ, ಹಿಡಿದುಕೊಳ್ಳಲು ಆಗದವನಂತೆ.

"ನಾ ವ್ರತದಾಗ ಇದ್ನಿ," ಎಂದ.

ಅವನ ಅಜ್ಜಿ ನಲವತ್ತು ವರ್ಷ ತಪ್ಪದೆ ಆ ಹತ್ತು ದಿನಗಳ ವ್ರತ ಹಿಡಿದವಳು. ಈ ವರ್ಷ ಡಾಕ್ಟರು ಉಪವಾಸ ಕೂಡದೆಂದರು. ಮುದುಕಿ ಕಣ್ಣೀರು ಹಾಕಿದಾಗ ಮೊಮ್ಮಗ ತಾನು ಹಿಡಿಯುತ್ತೇನೆ ಎಂದುಬಿಟ್ಟಿದ್ದ. ದಿನಕ್ಕೆ ಒಂದು ಹೊತ್ತು ಊಟ, ಆಗಲೇ ನೀರು. ಎಲೆಯಿಂದ ಎದ್ದ ಮೇಲೆ ಮರುದಿನದವರೆಗೆ ಒಂದು ಹನಿಯೂ ಇಲ್ಲ. ವ್ರತ ಹಿಡಿದವನು ಊರಿಗೆಲ್ಲ ಸಾರಿಕೊಂಡು ತಿರುಗಬಾರದು ಎಂದು ಅಜ್ಜಿ ಹೇಳಿದ್ದಳು. ಅದರ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜಂಬದಿಂದ ಭಜಿ ತಿಂದವನಿಗೆ ಈಗ ಅವಳೆದುರು ಇದನ್ನು ಹೇಳಲು ನಾಚಿಕೆಯೂ ಆಗಿತ್ತು.

"ಹತ್ತ ದಿನಾ ಒಪ್ಪತ್ತೇನಪಾ?" ಸೀತವ್ವ ಬಾಗಿಲಿಂದ ಹೊರಗೇ ಬಂದಳು. "ಅದಕ್ಕ ಹಿಂಗ ಕಡ್ಡಿ ಆಗಿ."

ಸಂಘಮಿತ್ರಾಳ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಖರೆ, ಸರಿದಿತ್ತು. ಆದರೆ ಅವಳು ಅಷ್ಟಕ್ಕೇ ಕರಗುವ ಹುಡುಗಿಯಲ್ಲ. ಅವ್ವ ಆ ತಾಟು ತೊಳೆದದ್ದನ್ನು ಅವಳು ನೋಡಿದ್ದಳು.

"ಒಂದ ಮಾತು ಹೇಳಬೇಕಾಗಿತ್ತು," ಎಂದಳು. "ನಿಮ್ಮ ಮಂದ್ಯಾಗ ನೀರು ಬ್ಯಾಡ ಅಂದ್ರ ನೀರು ಬ್ಯಾಡ ಅಂತ ಅಷ್ಟ. ನಮ್ಮ ಮನ್ಯಾಗ ಹಂಗಲ್ಲ. ನಮ್ಮಜ್ಜನ ಕಾಲದಿಂದನೂ ಹಂಗಲ್ಲ. ನಿಮಗ ಅದು ನೆನಪ ಸೈತ ಆಗಲಿಲ್ಲ."

ಅವನು ಅಲ್ಲ ಎನ್ನಲಿಲ್ಲ. ವ್ರತವನ್ನು ಅಡ್ಡ ಹಿಡಿದುಕೊಳ್ಳಲೂ ಇಲ್ಲ. ಭೀಮರಾಯರ ಕಡೆಗೆ ತಿರುಗಿ, ಮತ್ತೆ ಕೈ ಜೋಡಿಸಿದ. ಈ ಸಲ ಪದ್ಧತಿಯ ಮಾತು ಬರಲಿಲ್ಲ.

"ಸರ್, ಇದು ಗೊತ್ತಿಲ್ದ ಮಾಡಿದ್ದಲ್ಲ. ಗೊತ್ತ ಮಾಡಕೊಳ್ಳದ ಮಾಡಿದ್ದು. ಆ ತಪ್ಪಿಗೆ ಕೇಳಾಕತ್ತೇನಿ. ಕ್ಷಮಿಸ್ರಿ. ಅವ್ವಾರ, ನೀವೂ."

ಭೀಮರಾಯರು ಪೇಪರ್ ಮಡಚಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಅದು ಸ್ವಚ್ಛವಾಗಿಯೇ ಇತ್ತು.

"ಕೈಕಾಲ ತೊಳ್ಕೋರಿ," ಎಂದರು. "ಊಟಕ್ಕ ಕೂಡೋಣು."

ಉಳ್ಳಾಗಡ್ಡಿ ಹಾಕಲೇ, ಬೇಡವೇ ಎಂದು ಸೀತವ್ವ ಒಳಗಿನಿಂದ ಕೇಳಿದಳು. ನೀವು ದಿನಾ ಹೇಗೆ ಮಾಡುತ್ತೀರೋ ಹಾಗೆಯೇ ಮಾಡಿರಿ ಎಂದ ಅವನು. ನಾಲ್ಕು ರೊಟ್ಟಿ ತಿಂದ. ಐದನೆಯದನ್ನು ಸೀತವ್ವ ಕೇಳದೆಯೇ ಹಾಕಿದಳು.

ಊಟವಾದ ಮೇಲೆ ಆ ಸಿಡಿಯನ್ನು ಸಾಲೆಗೆ ಒಯ್ದು ಹಾಕಿದರು. ಸಂಘಮಿತ್ರಾ ಅದರಲ್ಲಿ ಓಗರ್ ಇರಬಹುದು, ಅವನು ಹೇಗೋ ಓಡಿಸಲು ದಾರಿ ಹುಡುಕಿರಬಹುದು ಎಂದುಕೊಂಡಿದ್ದಳು. ತೆರೆಯ ಮೇಲೆ ಬಂದದ್ದು ಅವಳದೇ ಚಪ್ಪಟೆ ಸಂತೆ. ಮೇಲೆ ದೊಡ್ಡ ಅಕ್ಷರಗಳಲ್ಲಿ ಕಲ್ಲಂಗಡಿ ಎಂದಿತ್ತು. ಒತ್ತು ತನ್ನ ಜಾಗದಲ್ಲಿ, ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತ್ತು. ಮುಂದೆ ಬೆಳ್ಳುಳ್ಳಿ. ಆಮೇಲೆ ದ್ರಾಕ್ಷಿ.

ಅವನು ಒಂದೊಂದು ಶಬ್ದವನ್ನೂ ಬೇರೆ ಕಡೆ ಕನ್ನಡದಲ್ಲಿ ಟೈಪ್ ಮಾಡಿ, ಅದರ ಚಿತ್ರ ತೆಗೆದು, ಅಂಚು ಕತ್ತರಿಸಿ ಹಾಕಿದ್ದ. ಅಕ್ಷರ ಬರೆಯಲು ಬಾರದ ಪೈಗೇಮಿಗೆ ಚಿತ್ರ ತೋರಿಸಲು ಬರುತ್ತದಲ್ಲ! ನೂರ ಎಂಬತ್ನಾಲ್ಕು ಶಬ್ದ. ದಿನಕ್ಕೊಂದು ಊಟದ ಮೇಲೆ, ಅವಳು ಮಾತು ಬಿಟ್ಟಿದ್ದ ದಿನಗಳಲ್ಲಿ.

ಮಗ್ಗಲು ಕೋಣೆಯಿಂದ ಭೀಮರಾಯರು ಮಕ್ಕಳನ್ನು ಕರೆತಂದರು. ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಮೌಸ್ ಹಿಡಿದು, ಬೆ... ಳ್ಳು... ಳ್ಳಿ ಎಂದು ಕೂಡಿಸಿ ಓದಿ, ಬುಟ್ಟಿಗೆ ಹಾಕಿದಳು. ಉಳಿದವರು ನನಗೆ, ನನಗೆ ಎಂದು ಮುಗಿಬಿದ್ದರು. ಮಾಸ್ತರರು ಸಾಲು ಹಚ್ಚಲು ಒದ್ದಾಡುತ್ತಿದ್ದರು. ಅವರಿಗೆ ಅಷ್ಟು ಖುಷಿಯ ಒದ್ದಾಟ ಆ ಸಾಲೆಯಲ್ಲಿ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಸಂಘಮಿತ್ರಾ ಹೊರಗೆ ಬಂದಳು. ಅವನೂ ಬಂದ.

"ನಾಳೆ ಫಾರ್ಮಿನ್ಯಾಗ ಏನ ಬರಿಯೋಣು?" ಎಂದಳು, ಬೇರೆ ಕಡೆ ನೋಡುತ್ತ.

"ಪೈಗೇಮ್. ಅವತ್ತ ಆ ಕರೀ ಸ್ಕ್ರೀನ್ ಮುಂದನ ಆರಿಸಿದ್ನಿ. ಅದು ಗೆದ್ದತಿ ಅಂತ ಅಲ್ಲ... ನಿಮ್ಮ ಅಪ್ಪಾರು ನಿಮ್ಮನ್ನ ನೋಡಿದ್ರಲ್ಲ, ಅದನ್ನ ನೋಡಿದೆ."

"ಒಂದ ಫಾರ್ಮ್, ಹಂಗಾರ."

"ಒಂದ." ಅವನು ಅವಳ ಕಡೆ ತಿರುಗಿದ. "ಸಂಘಮಿತ್ರಾ, ಪ್ರಾಜೆಕ್ಟ್ ಮೇ ತಿಂಗಳಿಗೆ ಮುಗೀತೈತಿ. ಆಮ್ಯಾಲೂ ನನಗ ನಿನ್ನ ಜೋಡಿ ಇರಬೇಕಂತ ಐತಿ. ಜನಮ ಪೂರಾ."

ಹೂಂ ಎನ್ನಲು ಎಷ್ಟು ಹೊತ್ತು... ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದಕ್ಕೂ ಮೊದಲು ಕೇಳಲೇಬೇಕಾದ ಮಾತೊಂದು ಇತ್ತು. ಅವನ ಕಣ್ಣನ್ನೇ ನೋಡುತ್ತ ಕೇಳಿದಳು.

"ನಿಮ್ಮ ಮನ್ಯಾಗ ನನಗ ನೀರು ಕೊಡ್ತಾರೇನು?"

ಕೊಡುತ್ತಾರೆ ಎಂದು ಅವನು ಆಣೆ ಹಾಕಿದ್ದರೆ ಬಹುಶಃ ಅವಳು ನಂಬುತ್ತಿರಲಿಲ್ಲ.

"ಅಜ್ಜಿ ಕೊಡ್ತಾಳ. ಅಕಿಗೆ ನಿನ್ನೆನ ಹೇಳೇನಿ, ನಿನ್ನ ಹೆಸರು, ನಿನ್ನ ಮಂದಿ, ಎಲ್ಲಾ. ಸುಮ್ಮ ಕುಂತ್ಲು ಭಾಳ ಹೊತ್ತು. ಆಮ್ಯಾಲ ಮರಾಠಿಯಾಗ 'ಘೇಊನ್ ಯೇ' ಅಂದ್ಲು, ಕರಕೊಂಡ ಬಾ ಅಂತ. ಅಪ್ಪಗ ಇನ್ನೂ ಹೇಳಿಲ್ಲ. ಅಂವ ಏನಂತಾನೋ ಗೊತ್ತಿಲ್ಲ. ಇವತ್ತ ಹೋಗಿ ಹೇಳ್ತೇನಿ."

"ಬ್ಯಾಡ ಅಂದ್ರ?"

"ನಾಳೆ ಮತ್ತ ಹೇಳ್ತೇನಿ. ನಾಡದ ಮತ್ತ. ನಿನ್ನ ಬಿಟ್ಟ ಮಾತ್ರ ಎಲ್ಲೂ ಹೋಗಂಗಿಲ್ಲ."

ಒಳಗೆ ಮಕ್ಕಳು ಯಾವುದೋ ಹಣ್ಣಿನ ಹೆಸರನ್ನು ಒಟ್ಟಿಗೇ ಕೂಗಿ ಓದುತ್ತಿದ್ದರು. ಸಂಘಮಿತ್ರಾ ಕಣ್ಣೊರೆಸಿಕೊಂಡಳು, ಮರೆಮಾಡಲಿಲ್ಲ. ಹೋಗಿ ಅವನ ಪಕ್ಕದಲ್ಲಿ ನಿಂತಳು. ಅವನ ಕೈಯನ್ನು ತಾನೇ ಹಿಡಿದುಕೊಂಡಳು.

"ಐತವಾರ ಬರ್ತೇನಿ ಮೂಡಲಗಿಗೆ. ಅಪ್ಪಗ ಹೇಳಿ ಇಡು."

"ಅಜ್ಜೀನ್ನ ನೋಡಾಕ?"

"ಊಟಕ್ಕ," ಎಂದಳು ಅವಳು. "ನಿಮ್ಮ ಅಪ್ಪಾರ ಬಾಜೂಕ ಕುಂತು ಉಣ್ತೇನಿ."

ಶ್ರೇಯಸ ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದ. "ಬಾ," ಎಂದ. "ನಾನ ಬಡಸ್ತೇನಿ."